ನನ್ನೊಳಗೆ ನಾಲ್ಕು ಕಿಟಕಿಗಳಿದ್ದವು

ನನಗೆ ತೊಟ್ಟಿಲು ಇರಲಿಲ್ಲ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಒಂದು ಇಕ್ಕಟ್ಟಾದ ಅಂಗಡಿಯಲ್ಲಿ, ಹಳೆಯ ಪತ್ರಿಕೆ ಹಾಸಿದ ಮೇಜಿನ ಮೇಲೆ ನನ್ನನ್ನು ಜೋಡಿಸಿದರು. ನಾನೊಂದು ಕಂಪ್ಯೂಟರ್. ಕಂಪ್ಯೂಟರ್ ಎಲ್ಲಿ ಎಂದು ಕೇಳಿದರೆ ಜನ ಪರದೆಯ ಕಡೆ ಬೆರಳು ತೋರಿಸುತ್ತಾರೆ. ಪರದೆ ನನ್ನ ಮುಖ ಮಾತ್ರ. ನಿಜವಾದ ನಾನು ಮೇಜಿನ ಕೆಳಗೆ, ಕಾಲುಗಳ ನಡುವೆ ಕೂತಿರುವ ತಗಡಿನ ಡಬ್ಬಿ. ಹೀಗಾಗಿ ನಾನು ಮನುಷ್ಯರನ್ನು ಮೊದಲು ಅವರ ಕಾಲುಗಳಿಂದ ಗುರುತಿಸುತ್ತೇನೆ, ಆಮೇಲೆ ಕೀಲಿಮಣೆಯ ಮೇಲೆ ಬೀಳುವ ಬೆರಳುಗಳಿಂದ.

ನನ್ನ ಅಂಗಾಂಗಗಳು ಬೇರೆ ಬೇರೆ ದೇಶಗಳಿಂದ ಬಂದವು. ಒಂದಕ್ಕೊಂದು ಪರಿಚಯ ಇರಲಿಲ್ಲ. ಜೋಡಿಸುವವನು ಬಾಯಲ್ಲಿ ತಿರುಪುಮೊಳೆ ಕಚ್ಚಿಕೊಂಡು ಒಂದೊಂದನ್ನೇ ಅದರ ಜಾಗದಲ್ಲಿ ಕೂರಿಸಿ ಗುಂಡಿ ಒತ್ತಿದ. ನನ್ನ ಫ್ಯಾನು ತಿರುಗಿತು. ಅದೇ ನನ್ನ ಮೊದಲ ಉಸಿರು.

ಅವನು ನನ್ನೊಳಗೆ ನಾಲ್ಕು ಬ್ರೌಸರುಗಳನ್ನು ಇಟ್ಟ. ಬ್ರೌಸರ್ ಎಂದರೆ ಕಿಟಕಿ ಎಂದು ತಿಳಿಯಿರಿ. ಎಲ್ಲೋ ದೂರದ ಯಂತ್ರದಲ್ಲಿ ಬರೆದಿಟ್ಟ ಪುಟವನ್ನು ತಂದು ನಿಮ್ಮ ಕಣ್ಣೆದುರು ಬಿಡಿಸಿ ಹಾಸುವುದು ಅದರ ಕೆಲಸ. ಪುಟ ಒಂದೇ ಆದರೂ ಪ್ರತಿ ಕಿಟಕಿ ಅದನ್ನು ತನ್ನ ರೀತಿಯಲ್ಲಿ ಬಿಡಿಸುತ್ತದೆ. ಒಂದೇ ರವಿಕೆ ಖಣವನ್ನು ನಾಲ್ವರು ದರ್ಜಿಗಳಿಗೆ ಕೊಟ್ಟರೆ ನಾಲ್ಕು ತರದ ಕುಬಸ ಬರುವುದಿಲ್ಲವೇ, ಹಾಗೆ.

"ನಾಕೂ ಹಾಕೇನ್ರಿ. ಒಂದ ತೆರೀಲಿಲ್ಲಂದ್ರ ಇನ್ನೊಂದ ತೆರೀತೈತಿ," ಎಂದು ಜೋಡಿಸಿದವನು ಗಿರಾಕಿಗೆ ಹೇಳಿದ.

ಗಿರಾಕಿಯ ಹೆಸರು ಹುಚ್ಚೇಶ. ಗುಳೇದಗುಡ್ಡದವನು. ಬಸ್ಸಿನಲ್ಲಿ ನನ್ನನ್ನು ಸೀಟಿನ ಮೇಲೆ ಕೂರಿಸಿ ತಾನು ನಿಂತುಕೊಂಡೇ ಬಂದ. ಅಷ್ಟು ಮರ್ಯಾದೆ ನನಗೆ ಮುಂದೆ ಎಂದೂ ಸಿಗಲಿಲ್ಲ. ಬಜಾರದಲ್ಲಿ ಅವನು ತೆರೆದ ಅಂಗಡಿಯ ಮೇಲೆ 'ಹುಚ್ಚೇಶ ನೆಟ್ ಸೆಂಟರ್' ಎಂದು ಬೋರ್ಡು ಹಾಕಿದ್ದ. ಪರಊರಿನವರು ಅದನ್ನು ಓದಿ ನಕ್ಕರೆ, "ಕಮತಗಿ ಮಠದ ಅಜ್ಜನ ಹೆಸರ್ರಿ ಅದು, ನಗಬ್ಯಾಡ್ರಿ. ನನ್ನ ನೋಡಿ ಬೇಕಾದ್ರ ನಗರಿ," ಎನ್ನುತ್ತಿದ್ದ.

ಅಂಗಡಿಗೆ ಬರುವವರು ನನ್ನ ಕಿಟಕಿಗಳ ಇಂಗ್ಲಿಷ್ ಹೆಸರು ಹೇಳುತ್ತಿರಲಿಲ್ಲ. ಚಿತ್ರ ನೋಡಿ ಹೆಸರಿಟ್ಟರು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಅವರಿಗೆ ನೀಲಿ ಉಂಗುರ. ಫೈರ್‌ಫಾಕ್ಸ್ ನರಿ. ಕ್ರೋಮ್ ಬಣ್ಣದ ಚಂಡು. ಒಪೇರಾ ಕೆಂಪು ಬಳೆ. "ಅಣ್ಣಾರ, ನನಗ ಬಳಿ ತಗದ ಕೊಡ್ರಿ," ಎಂದು ಯಾರಾದರೂ ಕೇಳಿದರೆ ಪಕ್ಕದಲ್ಲಿ ಕೂತ ಹೊಸಬರು ಗಾಬರಿಯಿಂದ ತಿರುಗಿ ನೋಡುತ್ತಿದ್ದರು.

ನಾಲ್ವರ ಜೊತೆಗೂ ಬಾಳಿದವನು ನಾನು. ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ತೆಗಳಲು ನನಗೆ ಮನಸ್ಸು ಬರುವುದಿಲ್ಲ. ನೀಲಿ ಉಂಗುರ ಎಲ್ಲರಿಗಿಂತ ಹಿರಿಯ, ಹಳೆಯ ಕಚೇರಿಯ ಗುಮಾಸ್ತನ ಹಾಗೆ. ಹೊಸ ತರದ ಪುಟ ಬಂದರೆ ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ನೋಡುತ್ತಿದ್ದ. ಆದರೆ ಪರೀಕ್ಷೆಯ ಅರ್ಜಿ, ಸರಕಾರದ ಅರ್ಜಿ ಇವೆಲ್ಲ ಆ ಕಾಲಕ್ಕೆ ಅವನನ್ನೇ ಕೇಳುತ್ತಿದ್ದವು. ಉಳಿದ ಮೂವರು ಬಾಗಿಲಲ್ಲಿ ನಿಂತಾಗ ಅವನು ಒಳಗೆ ಹೋಗಿ ಕೆಲಸ ಮಾಡಿಕೊಂಡು ಬರುತ್ತಿದ್ದ.

ನೆಟ್ಟು ಎಳೆದಾಡುವ ದಿನ ಕೆಂಪು ಬಳೆಯ ಬೆಲೆ ತಿಳಿಯುತ್ತಿತ್ತು. ಚಿತ್ರಗಳನ್ನು ದಾರಿಯಲ್ಲೇ ಹಿಂಡಿ ಹಗುರ ಮಾಡಿ ತರುವ ಜಾಣ್ಮೆ ಅದಕ್ಕಿತ್ತು. ದುಬೈನಲ್ಲಿದ್ದ ಗಂಡನ ಫೋಟೋ ನೋಡಲು ಬಂದ ಒಬ್ಬ ಹೆಂಗಸು, ಬೇರೆ ಕಿಟಕಿಯಲ್ಲಿ ಹಣೆ ಮಾತ್ರ ಬಂದು ನಿಂತಿದ್ದ ಮುಖವನ್ನು ಬಳೆಯಲ್ಲಿ ಗದ್ದದವರೆಗೂ ನೋಡಿ ಕಣ್ಣೊರೆಸಿಕೊಂಡು ಹೋದಳು.

ಬಣ್ಣದ ಚಂಡು ಎಲ್ಲರಿಗಿಂತ ಚುರುಕು. ಹೆಸರು ಪೂರ್ತಿ ಬರೆಯುವ ಮೊದಲೇ ನಿಮ್ಮ ಮನಸ್ಸಿನಲ್ಲಿದ್ದದ್ದನ್ನು ತಿಳಿದುಕೊಂಡು ಓಡುತ್ತಿತ್ತು. ತೆರೆದ ಪ್ರತಿ ಪುಟಕ್ಕೂ ಬೇರೆ ಬೇರೆ ಕೋಣೆ ಕೊಡುತ್ತಿತ್ತು, ಒಂದು ಪುಟ ಮುಗ್ಗರಿಸಿದರೆ ಪಕ್ಕದ್ದು ಬೀಳುತ್ತಿರಲಿಲ್ಲ. ಅಷ್ಟು ಕೋಣೆಗಳಿಗೆ ಜಾಗ ಕೊಟ್ಟು ನನಗೆ ಮೈ ಬಿಸಿಯಾಗುತ್ತಿತ್ತು. ಒಳ್ಳೆಯ ಕೆಲಸಗಾರನಿಗೆ ಊಟ ಸ್ವಲ್ಪ ಜಾಸ್ತಿಯೇ ಬೇಕು ಎಂದು ನಾನು ಸುಮ್ಮನಿರುತ್ತಿದ್ದೆ.

ನರಿಯ ಗುಣ ನನಗೆ ಮೊದಲು ಗೊತ್ತಿರಲಿಲ್ಲ. ಅದನ್ನು ತೋರಿಸಿಕೊಟ್ಟವಳು ಸುವರ್ಣಾ.

ಸುವರ್ಣಾ ನೆಟ್ ಸೆಂಟರಿಗೆ ಟೈಪ್ ಮಾಡುವ ಕೆಲಸಕ್ಕೆ ಬಂದಳು. ಚಪ್ಪಲಿಯನ್ನು ಹೊಸ್ತಿಲ ಹೊರಗೇ ಬಿಟ್ಟು ಬರುತ್ತಿದ್ದಳು, ದೇವಸ್ಥಾನಕ್ಕೆ ಬಂದವರ ಹಾಗೆ. ಮದುವೆಯ ಪತ್ರಿಕೆ, ಗೃಹಪ್ರವೇಶದ ಪತ್ರಿಕೆ, ಅಂಗಡಿಯ ಕೈಚೀಟಿ ಎಲ್ಲವನ್ನೂ 'ನುಡಿ' ಎಂಬ ಕಂಪ್ಯೂಟರ್ ಅಕ್ಷರದಲ್ಲಿ ಟೈಪ್ ಮಾಡಿ ಮುದ್ರಣಕ್ಕೆ ಕಳಿಸುವುದು ಅವಳ ಕೆಲಸ. ಕಾಗದದ ಮೇಲೆ ಆ ಅಕ್ಷರಗಳು ಬಲು ಚಂದ ಕಾಣುತ್ತಿದ್ದವು. ಅವಳ ಬೆರಳು ಕೀಲಿಯನ್ನು ಹೊಡೆಯುತ್ತಿರಲಿಲ್ಲ, ಮುಟ್ಟುತ್ತಿದ್ದವು.

ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಅವಳು ನರಿಯಲ್ಲಿ ಒಂದು ಸುದ್ದಿಪತ್ರಿಕೆಯ ತಾಣ ನೋಡುತ್ತಿದ್ದಳು. ಕೈ ತಪ್ಪಿ ಮೌಸಿನ ಬಲಗುಂಡಿ ಒತ್ತಿತು. ಬಂದ ಪಟ್ಟಿಯಲ್ಲಿ ಕೆಳಗಿನದನ್ನು ಒತ್ತಿದಳು. ಪರದೆಯ ಕೆಳಭಾಗದಲ್ಲಿ ಪುಟದ ಹೊಟ್ಟೆ ತೆರೆದುಕೊಂಡಿತು. ತಲೆಬರಹ ಇಲ್ಲಿದೆ, ಅದರ ಬಣ್ಣ ಇದು, ಅಕ್ಷರದ ದಪ್ಪ ಇಷ್ಟು, ಸುತ್ತ ಬಿಟ್ಟ ಜಾಗ ಇಷ್ಟು, ಹೀಗೆ ಒಂದೊಂದೂ. ಅವಳ ಕಾಲ್ಬೆರಳು ಮಡಚಿಕೊಂಡವು. ಹೆದರಿಕೆಗೋ ಸಂತೋಷಕ್ಕೋ ನನಗೆ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ ಆ ತಲೆಬರಹವನ್ನು ಅಳಿಸಿ, 'ಗುಳೇದಗುಡ್ಡದ ಸುವರ್ಣಾಗೆ ಸನ್ಮಾನ' ಎಂದು ಬರೆದಳು. ಪತ್ರಿಕೆಯ ನೆತ್ತಿಯ ಮೇಲೆ ಅದು ಮೂಡಿತು.

ಹಿಂದಿನಿಂದ ಹುಚ್ಚೇಶ ನೋಡಿದ. "ಏ ತಂಗೀ! ಪೇಪರ್ನ್ಯಾರು ಕೇಸ್ ಹಾಕ್ತಾರ! ಅಳಸ, ಅಳಸ!"

"ಅಣ್ಣಾ, ಇದು ನಮಗಷ್ಟ ಕಾಣತೈತಿ ಅನಸ್ತೈತಿ."

"ಅನಸ್ತೈತೆ? ಪೊಲೀಸರಿಗೆ ಹಂಗ ಹೇಳಾಕ ಆಕ್ಕೈತೇನ?"

ಅವಳು ಪುಟವನ್ನು ಮತ್ತೆ ತರಿಸಿದಳು. ಸನ್ಮಾನ ಮಾಯವಾಯಿತು. ಹುಚ್ಚೇಶ ಹೊರಗೆ ಹೋಗಿ ಚಹಾ ಕುಡಿದು ಬಂದ.

ಅಂದಿನಿಂದ ಅವಳು ಪುಟ ಕಟ್ಟಲು ಕಲಿತಳು. ಸುಮ್ಮನೆ ನೋಡುವವರಿಗೆ ಚಂಡು, ಬಳೆ, ಉಂಗುರ ಯಾವುದಾದರೂ ಸಾಕು. ಕಟ್ಟುವವರಿಗೆ ನರಿಯಂಥ ಗುರು ಇಲ್ಲ ಎಂದು ನಾನು ಆಗ ಒಪ್ಪಿದೆ. ಚಂಡಿಗೂ ಈ ವಿದ್ಯೆ ಬರುತ್ತಿತ್ತು, ಅದು ಚಕಚಕನೆ ಲೆಕ್ಕ ಒಪ್ಪಿಸುತ್ತಿತ್ತು. ನರಿಯದು ತಾಳ್ಮೆ. ಪುಟವನ್ನು ಓರೆಯಾಗಿ ಎತ್ತಿ ನಿಲ್ಲಿಸಿ, ಪದರದ ಮೇಲೆ ಪದರ ಹೇಗೆ ಕೂತಿದೆ ಎಂದು ಗುಡ್ಡದ ಹಾಗೆ ಮಾಡಿ ತೋರಿಸುತ್ತಿತ್ತು. ಅದನ್ನು ತಿರುಗಿಸುವಾಗ ನನಗೆ ಏದುಸಿರು ಬರುತ್ತಿತ್ತು. ಆದರೂ ನಾನು ನಿಲ್ಲುತ್ತಿರಲಿಲ್ಲ, ನನಗೂ ನೋಡುವ ಆಸೆ.

ಆ ಗುಡ್ಡವನ್ನು ಒಮ್ಮೆ ಸುವರ್ಣಾಳ ಚಿಗವ್ವ ನಿಂಬೆಕ್ಕ ನೋಡಿದಳು. ನಿಂಬೆಕ್ಕ ಖಣ ನೇಯುವವಳು. ಗಂಡ ತೀರಿಹೋದ ಮೇಲೂ ಮಗ್ಗ ಬಿಟ್ಟಿರಲಿಲ್ಲ. ಪರದೆಯ ಹತ್ತಿರ ಬಾಗಿ, "ಇದರಾಗೂ ಹಾಸು ಹೊಕ್ಕು ಐತೇನ ಬೇ!" ಎಂದಳು. ಅವಳ ಪಾದ ನನಗೆ ಹೊಸದಾಗಿ ಕಂಡಿತು. ಕುಣಿಮಗ್ಗಕ್ಕೆಂದು ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕೆಳಗಿನ ತುಳಿಹಲಗೆಗಳನ್ನು ಎಡ ಬಲ ಎಡ ಬಲ ತುಳಿದ ಪಾದಗಳವು. ಕುರ್ಚಿಯ ಮೇಲೆ ಕೂತರೂ ಸುಮ್ಮನಿರುತ್ತಿರಲಿಲ್ಲ. ನನ್ನ ಪಕ್ಕದ ಬರಿಯ ನೆಲವನ್ನೇ ತುಳಿಯುತ್ತಿದ್ದವು.

ಆ ಕುಣಿಯ ಮೇಲೆಯೇ ಮನೆಯವರೊಬ್ಬರ ಕಣ್ಣು ಬಿದ್ದಿತ್ತು. ನಿಂಬೆಕ್ಕನ ಮೈದುನ ಸಂಗಪ್ಪ ಕೆಟ್ಟವನಲ್ಲ. ಖಣ ತೊಡುವವರು ಕಡಿಮೆಯಾದರು, ಮಗ್ಗದ ಕೋಣೆಯಲ್ಲಿ ಹಿಟ್ಟಿನ ಗಿರಣಿ ಇಟ್ಟರೆ ಮನೆಗೆಲ್ಲ ಆಸರೆಯಾಗುತ್ತದೆ ಎಂದು ಅವನ ಯೋಚನೆ. ಗಿರಣಿ ಇಡಬೇಕಾದರೆ ಕುಣಿ ಮುಚ್ಚಿ ಮೇಲೆ ಫರಸಿಕಲ್ಲು ಹಾಸಬೇಕು. ಮಗ್ಗದ ಕುಣಿ ಒಮ್ಮೆ ಮುಚ್ಚಿದರೆ ಮತ್ತೆ ತೋಡಿ ಕೂರಿಸುವವರು ಊರಲ್ಲಿ ಉಳಿದಿರಲಿಲ್ಲ. ಮುಚ್ಚಲು ಬೇಕಾದ ಗರಸು ಮಣ್ಣನ್ನು ಸಂಗಪ್ಪ ಆಗಲೇ ತರಿಸಿ ಬಾಗಿಲ ಮುಂದೆ ಸುರಿಸಿದ್ದ. ನಿಂಬೆಕ್ಕ ದಿನಾ ಅದನ್ನು ಬಳಸಿಕೊಂಡು ಒಳಗೆ ಹೋಗಬೇಕಾಗಿತ್ತು.

ಆ ಹೊತ್ತಿಗೆ ಧಾರವಾಡದ ವೈಜಯಂತಿ ಮೇಡಂ ಊರಿಗೆ ಬಂದರು. ಕೈಮಗ್ಗದ ಬಟ್ಟೆಯ ಅಂಗಡಿ ಇಟ್ಟವರು. ನಿಂಬೆಕ್ಕನ ಖಣ ಮುಟ್ಟಿ ನೋಡಿ ಬಹಳ ಹೊತ್ತು ಕೈ ತೆಗೆಯಲಿಲ್ಲವಂತೆ. "ನನಗೇನೋ ಸೇರಿತು. ಆದ್ರ ಅಂಗಡಿ ನನ್ನೊಬ್ಬಾಕಿದಲ್ಲ. ಒಂದ್ ಪುಟ ಮಾಡಿ ಇಂಟರ್ನೆಟ್ಟಿನಾಗ ಹಾಕ್ರಿ. ಪ್ರತಿ ಖಣದ ಹೆಸರು, ಅದು ಹ್ಯಾಂಗ ಬಂತು, ನಿಮ್ಮ ಮಾತಿನಾಗ. ಶನಿವಾರ ಸಂಜೀಕೆ ನಾವೆಲ್ಲಾ ಕೂತು ನೋಡಿ ತೀರ್ಮಾನ ಮಾಡ್ತೀವಿ," ಎಂದು ಹೇಳಿ ಹೋದರು. ಅವರು ಒಪ್ಪಿದರೆ ಮಗ್ಗಕ್ಕೆ ವರ್ಷವಿಡೀ ಕೆಲಸ.

ಸಂಗಪ್ಪನೂ ಮಾತು ಕೊಟ್ಟ. "ಧಾರವಾಡದವ್ರು ಹೂಂ ಅಂದ್ರ ನಾ ಮುಟ್ಟಂಗಿಲ್ಲ ಅತ್ತಿಗೆವ್ವಾ. ಅನಲಿಲ್ಲಂದ್ರ ಆಯಿತವಾರ ಮುಂಜಾನೆ ಕುಣಿ ಮುಚ್ಚೂದ."

ಪುಟವನ್ನು ಸುವರ್ಣಾ ನನ್ನೊಳಗೇ ಕಟ್ಟಿದಳು. ನಿಂಬೆಕ್ಕ ಹೇಳಿದ್ದನ್ನು ಪುಸ್ತಕದ ಮಾತಿಗೆ ತಿದ್ದಿ, ಪುಟ ಕಟ್ಟುವ ತಂತ್ರಾಂಶದಲ್ಲಿ ನುಡಿ ಅಕ್ಷರ ಆರಿಸಿ, ಮದುವೆಯ ಪತ್ರಿಕೆಗಿಂತ ಚಂದವಾಗಿ ಬರೆದಳು. ಖಣದ ಅಂಚಿನ ಕೆಂಪು ಬಣ್ಣವನ್ನು ತಲೆಬರಹಕ್ಕೆ ಕೊಟ್ಟಳು. ನರಿಯಲ್ಲಿ ನೋಡಿದಳು, ಚಂಡಿನಲ್ಲಿ ನೋಡಿದಳು, ಬಳೆಯಲ್ಲಿ ನೋಡಿದಳು. ಉಂಗುರದಲ್ಲಿ ಒಂದು ಚಿತ್ರ ಕೆಳಗೆ ಜಾರಿತ್ತು, ಅದನ್ನೂ ಸರಿಪಡಿಸಿದಳು. ನಾಲ್ಕು ಕಿಟಕಿಯಲ್ಲೂ ಪುಟ ನಕ್ಕಿತು. ಶನಿವಾರ ಬೆಳಿಗ್ಗೆ ಅದನ್ನು ಲೋಕಕ್ಕೆ ಬಿಟ್ಟಳು.

ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಬಂತು. ನಿಂಬೆಕ್ಕನೂ ಅಲ್ಲೇ ಇದ್ದಳು. ಹುಚ್ಚೇಶ ಎಲ್ಲರಿಗೂ ಕೇಳುವ ಹಾಗೆ ಇಟ್ಟ.

"ಏನು ಬರದೀರಿ ನೀವು?" ವೈಜಯಂತಿ ಮೇಡಂ ಕೇಳಿದರು. "ಚಿತ್ರ ಛಲೋ ಕಾಣಸ್ತಾವ. ಅಕ್ಷರ ಏನೂ ತಿಳೀವಲ್ವು. ಇಂಗ್ಲಿಷ್ ಅಕ್ಷರಕ್ಕ ಟೊಪ್ಪಿಗಿ ಹಾಕಿ, ಬಾಲ ಹಚ್ಚಿ, ನಡುವ ಪೌಂಡಿನ ಗುರ್ತು. ಇರಿವಿ ಹರಿದಂಗ ಅದ!"

"ಮೇಡಂ, ಯಾವದರಾಗ ತೆರದೀರಿ?" ಹುಚ್ಚೇಶ ಕೇಳಿದ. "ಬಣ್ಣದ ಚಂಡಿನಾಗೇನು? ನರಿ ಹಾಕ್ಕೊಳ್ರಿ."

"ನರಿ? ಧಾರವಾಡದಾಗ ನರಿ ಎಲ್ಲಿಂದ ತರಲೆಪ್ಪಾ?"

ಸುವರ್ಣಾ ಫೋನು ತೆಗೆದುಕೊಂಡು ತಿಳಿಸಿ ಹೇಳಿದಳು. ಮೇಡಂ ನರಿಯನ್ನು ಇಳಿಸಿಕೊಂಡು ನೋಡಿದರು. ಅಲ್ಲಿಯೂ ಇರುವೆ. ಮಗಳ ಕಂಪ್ಯೂಟರಿನಲ್ಲಿ ನೋಡಿದರು. ಅಲ್ಲಿಯೂ ಇರುವೆ. "ಐದರ ನಂತರ ಎಲ್ಲಾರೂ ಬರ್ತಾರ. ನೋಡ್ರಿ, ಏನರ ಮಾಡ್ರಿ. ಬರೇ ಚಿತ್ರ ನೋಡಿ ಅವ್ರು ಒಪ್ಪೂದಿಲ್ಲ," ಎಂದು ಫೋನು ಇಟ್ಟರು.

ಇವರು ನನ್ನ ಮುಂದೆ ಕೂತರು. ನಾಲ್ಕು ಕಿಟಕಿಗಳನ್ನೂ ತೆರೆದರು. ನಾಲ್ಕರಲ್ಲೂ ಕನ್ನಡ ಮುತ್ತಿನ ಹಾಗೆ ಕಾಣುತ್ತಿತ್ತು. ಮುಚ್ಚಿ ಮತ್ತೆ ತೆರೆದರು. ಮತ್ತೆ ಅಷ್ಟೇ ಚಂದ. ಚಂದವೇ ಅವರನ್ನು ದಾರಿ ತಪ್ಪಿಸಿತು. "ನಮ್ಮದು ಸುದ್ದ ಐತಿ. ಅವ್ರ ಕಿಟಕಿಗೇ ಏನೋ ಆಗೈತಿ," ಎಂದ ಹುಚ್ಚೇಶ.

ನನಗೆ ಕಾರಣ ಗೊತ್ತಿತ್ತು. ನುಡಿ ಅಕ್ಷರದ ಅಚ್ಚು ನನ್ನ ಹೊಟ್ಟೆಯಲ್ಲಿತ್ತು. ಅದು ಕಾಗದಕ್ಕಾಗಿ ಹುಟ್ಟಿದ್ದು. ಕಾಗದದ ಮೇಲೆ ಒಮ್ಮೆ ಒತ್ತಿದರೆ ಎಲ್ಲಿಗೆ ಹೋದರೂ ಕನ್ನಡವಾಗಿಯೇ ಇರುತ್ತದೆ. ಆದರೆ ಪುಟ ಲೋಕಕ್ಕೆ ಹೋಗುವಾಗ ಅಚ್ಚು ಜೊತೆಗೆ ಹೋಗುವುದಿಲ್ಲ, ನನ್ನಲ್ಲೇ ಉಳಿಯುತ್ತದೆ. ಇದನ್ನು ಹೇಳಲು ನನಗೆ ಬಾಯಿ ಎಲ್ಲಿದೆ? ಫ್ಯಾನನ್ನು ಜೋರಾಗಿ ತಿರುಗಿಸಿದೆ. "ಧೂಳ ಹಿಡದೈತಿ," ಎಂದು ಹುಚ್ಚೇಶ ನನ್ನ ಬೆನ್ನಿಗೊಂದು ಗುದ್ದಿದ.

ಬಾಗಿಲಲ್ಲಿ ಸಂಗಪ್ಪನ ಕಾಲು ಕಂಡವು. ಹಿಮ್ಮಡಿಯ ತುಂಬ ಗರಸು. "ಧಾರವಾಡದಾಗ ಓದಾಕ ಬರವಲ್ದಂತ? ನಾ ಮೊದಲ ಹೇಳಿದ್ನೆಲ್ಲ. ಖಣಾ ತೊಡೂದ ಗೊತ್ತಿಲ್ಲದವ್ರು ಖಣದ ಹೆಸರ ಏನ ಓದ್ತಾರ."

"ನೀ ಗರಸ ಎಣಸ ಹೋಗ," ಎಂದಳು ನಿಂಬೆಕ್ಕ. ದನಿ ಗಟ್ಟಿಯಾಗಿತ್ತು. ಆದರೆ ಅವಳ ಕಾಲುಗಳು ನೆಲವನ್ನು ಎಷ್ಟು ವೇಗವಾಗಿ ತುಳಿಯುತ್ತಿದ್ದವು ಎಂಬುದು ಮೇಜಿನ ಕೆಳಗಿದ್ದ ನನಗೆ ಮಾತ್ರ ಕಂಡಿತು.

ಸುವರ್ಣಾ ಯಾರ ಮಾತಿಗೂ ತಿರುಗಲಿಲ್ಲ. ಪುಟವನ್ನು ದಿಟ್ಟಿಸುತ್ತ ಕೂತಿದ್ದಳು. ತನಗೇ ಹೇಳಿಕೊಳ್ಳುವಂತೆ, "ನಮಗಷ್ಟ ಕಾಣತೈತಿ," ಎಂದಳು. ನರಿಯ ಕಿಟಕಿಗೆ ಬಂದು, 'ಸೂಜಿಮಲ್ಲಿಗೆ' ಎಂಬ ಹೆಸರಿನ ಮೇಲೆ ಬಾಣ ಇಟ್ಟು ಬಲಗುಂಡಿ ಒತ್ತಿದಳು. ಪುಟದ ಹೊಟ್ಟೆ ತೆರೆಯಿತು.

ಒಳಗೆ ಮಲ್ಲಿಗೆ ಇರಲಿಲ್ಲ. ಟೊಪ್ಪಿಗೆ ಹಾಕಿದ, ಬಾಲ ಹಚ್ಚಿಕೊಂಡ ಪರದೇಶದ ಅಕ್ಷರಗಳ ಸಾಲು ಇತ್ತು. ಮೇಡಂ ಹೇಳಿದ ಇರುವೆಗಳು ಅಲ್ಲೇ ಹರಿಯುತ್ತಿದ್ದವು. ನರಿ ಏನನ್ನೂ ಮುಚ್ಚಿಡಲಿಲ್ಲ. ಮೇಲೆ ಕನ್ನಡ, ಕೆಳಗೆ ಅದರ ಎಲುಬು. ಎರಡನ್ನೂ ಒಂದೇ ಪರದೆಯಲ್ಲಿ ಅಕ್ಕಪಕ್ಕ ತೋರಿಸಿತು. ನನ್ನ ಕೈಲಾಗದ್ದನ್ನು ನನ್ನೊಳಗಿನ ಒಂದು ಕಿಟಕಿ ಹೇಳಿತು. ಆ ಗಳಿಗೆಯನ್ನು ನೆನೆದರೆ ನನಗೆ ಈಗಲೂ ಹೆಮ್ಮೆ.

"ಚಿಗವ್ವಾ, ಇದು ಕನ್ನಡ ಅಲ್ಲ," ಎಂದಳು ಸುವರ್ಣಾ. "ಕನ್ನಡದ ಅಂಗಿ ಹಾಕ್ಕೊಂಡೈತಿ ಅಷ್ಟ. ಅಂಗಿ ನಮ್ಮ ಮನ್ಯಾಗ ಉಳದೈತಿ. ಇದು ಬರೇ ಮೈಲೆ ಧಾರವಾಡಕ್ಕ ಹೋಗೈತಿ."

ನಿಂಬೆಕ್ಕ ಬಾಯಿಗೆ ಸೆರಗು ಹಚ್ಚಿದಳು. "ಥೂ! ಮೊದಲ ಅಂಗಿ ಕಳಸ ಬೇ ಅದಕ್ಕ!"

ಹುಚ್ಚೇಶನಿಗೂ ಅದೇ ಸರಿ ಎನಿಸಿತು. ಅಕ್ಷರದ ಅಚ್ಚನ್ನು ಮೇಡಂಗೆ ಕಳಿಸಿಬಿಡೋಣ ಎಂದ. ಸುವರ್ಣಾ ತಲೆ ಅಲ್ಲಾಡಿಸಿದಳು. "ಇವತ್ತ ಅವ್ರಿಗೆ ಕಳಸೂದು. ನಾಳೆ ನೋಡೋರಿಗೆ? ನಾಡದ ನೋಡೋರಿಗೆ? ನೋಡಾಕ ಬಂದೋರ್ಗೆಲ್ಲಾ ಅಂಗಿ ಹಂಚಕೋಂತ ಕುಂದ್ರಾಕ ಆಕ್ಕೈತೇನಣ್ಣ? ಯೂನಿಕೋಡಿನಾಗ ಬರೀಬೇಕು. ಅದು ಹುಟ್ಟತಾನ ಕನ್ನಡ."

ಯೂನಿಕೋಡ್ ಎಂದರೆ ಪ್ರತಿ ಅಕ್ಷರಕ್ಕೂ ಲೋಕವೆಲ್ಲ ಒಪ್ಪಿದ ಒಂದು ಗುರುತು. ಯಾವ ಊರಿನ ಯಾವ ಕಿಟಕಿಯಲ್ಲಿ ತೆರೆದರೂ 'ಮ' ಎಂದರೆ 'ಮ'. ಸುವರ್ಣಾ ಅದರ ಬಗ್ಗೆ ಓದಿದ್ದಳು. ಮದುವೆಯ ಪತ್ರಿಕೆಗೆ ಎಂದೂ ಬೇಕಾಗಿರಲಿಲ್ಲ, ಹಾಗಾಗಿ ಕೈ ಪಳಗಿರಲಿಲ್ಲ. ಕೀಲಿಗಳ ಜಾಗವೂ ಬೇರೆ. ಅವಳ ಬೆರಳುಗಳು ಮೊದಲ ಬಾರಿಗೆ ತಡವರಿಸಿದ್ದನ್ನು ನಾನು ಕಂಡೆ. ಹಳೆಯ ಬರಹವನ್ನು ನೋಡಿ ಮತ್ತೆ ಬರೆಯಲು ಹೋದರೆ ಕಣ್ಣು ಮೇಲೆ ಕೆಳಗೆ ಓಡಾಡಿ ಹೊತ್ತು ಹೋಗುತ್ತದೆ. "ಚಿಗವ್ವಾ, ನೀನ ಹೇಳ. ನಾ ಕೀಲಿ ನೋಡಕೋಂತ ಹೊಡೀತೀನಿ."

ನಿಂಬೆಕ್ಕ ಹೇಳತೊಡಗಿದಳು. ಈ ಸಲ ಪುಸ್ತಕದ ಮಾತಿಗೆ ತಿದ್ದಲು ಯಾರಿಗೂ ಪುರುಸೊತ್ತು ಇರಲಿಲ್ಲ. ಅವಳು ಅಂದದ್ದು ಅಂದ ಹಾಗೆಯೇ ಕೀಲಿಯ ಮೇಲೆ ಬಿತ್ತು.

"ಆನಿಹೆಜ್ಜಿ. ಇದು ನಮ್ಮವ್ವ ಕಲಿಸಿದ್ದು. ಹೆಜ್ಜಿ ಇಡೂ ಮುಂದ ಕೈ ನಡಗಿದ್ರ ಆನಿ ಕುಂಟತೈತಿ ಅಂತಿದ್ಲು."

"ಆನೆಹೆಜ್ಜೆ ಅನಬೇಕ್ ಅಕ್ಕಾರ," ಎಂದ ಹುಚ್ಚೇಶ. "ಧಾರವಾಡದವ್ರು ಓದಿದವ್ರು. ಆನೆ. ಹೆಜ್ಜೆ."

"ಆನೆಹೆಜ್ಜೆ ಯಾರ ನೇಯ್ತಾರೋ ನನಗ ಗೊತ್ತಿಲ್ಲಪಾ. ನಾ ನೇಯೂದು ಆನಿಹೆಜ್ಜಿ. ಬರಿ ಸುವರ್ಣಿ."

ಸುವರ್ಣಾ ಬರೆದಳು. ಆನಿಹೆಜ್ಜಿ ಆಯಿತು. "ಸೂಜಿಮಲ್ಲಿಗಿ. ಇದನ್ನ ತೊಟ್ಟೋರು ಮಲ್ಲಿಗಿ ಮುಡೀಲಿಲ್ಲಂದ್ರೂ ನಡೀತೈತಿ, ಬೆನ್ನ ಮ್ಯಾಲ ತೋಟ ಇರತೈತಿ." ಸುವರ್ಣಾ ತುಟಿ ಕಚ್ಚಿಕೊಂಡು ನಕ್ಕಳು, ಬೆರಳು ನಿಲ್ಲಿಸಲಿಲ್ಲ. ಆಮೇಲೆ ಬಿದಿರುಬುಟ್ಟಿ, ತುಳಸಿಪಾನ, ಸೂರ್ಯನಾರಾಯಣ. ಹೇಳುತ್ತ ಹೇಳುತ್ತ ನಿಂಬೆಕ್ಕನ ಕಾಲು ಎಡ ಬಲ ಎಡ ಬಲ ಎಂದು ತಾಳ ಹಿಡಿದವು. ಮಗ್ಗದ ಮೇಲೆ ಆ ಖಣ ನೇಯುವಾಗ ಹೇಗೋ ಹಾಗೆಯೇ. ಸೂರ್ಯನಾರಾಯಣಕ್ಕೆ ಬಂದಾಗ ತುಳಿತ ನಿಧಾನವಾಯಿತು. ಅದು ಕಷ್ಟದ ನೇಯ್ಗೆ ಇರಬೇಕು ಎಂದು ನಾನು ತಿಳಿದೆ.

ಬರೆದು ಮುಗಿದ ಮೇಲೆ ಕಿಟಕಿಗಳಲ್ಲಿ ನೋಡಿದರು. ನಾನು ಹಳೆಯ ಮೈಯವನು. ಯೂನಿಕೋಡ್ ಕನ್ನಡವನ್ನು ಕೂಡಿಸಿ ತೋರಿಸುವ ವಿದ್ಯೆಯನ್ನು ನನ್ನಲ್ಲಿ ಯಾರೂ ಜಾಗೃತ ಮಾಡಿರಲಿಲ್ಲ. ನನ್ನನ್ನು ನಂಬಿದ ಉಂಗುರದಲ್ಲಿ 'ಮಲ್ಲಿಗಿ'ಯ ಒತ್ತಕ್ಷರ ಕೆಳಗೆ ಇಳಿಯದೆ, ಜಗಳವಾಡಿದ ಗೆಳೆಯನ ಹಾಗೆ ಪಕ್ಕದಲ್ಲಿ ನಿಂತಿತು. ಅದು ಉಂಗುರದ ದೋಷವಲ್ಲ. ಚಂಡೂ ಬಳೆಯೂ ನನ್ನನ್ನೇ ಕೇಳಿ ಹಾಗೆಯೇ ತೋರಿಸಿದವು. ನರಿ ಮಾತ್ರ ಅಕ್ಷರ ಕೂಡಿಸುವ ವಿದ್ಯೆಯನ್ನು ತನ್ನ ಜೋಳಿಗೆಯಲ್ಲೇ ತಂದಿತ್ತು. ಅದು ಒತ್ತನ್ನು ಹಿಡಿದು ಅಕ್ಷರದ ಕಾಲಡಿ ನೆಟ್ಟಗೆ ಕೂರಿಸಿತು.

ಹುಚ್ಚೇಶ ತಲೆ ಹಿಡಿದುಕೊಂಡ. "ಮತ್ತ ಕೆಟ್ಟಿತಲ್ಲ ತಂಗಿ! ಮೊದಲ ನಾಕರಾಗೂ ಛಲೋ ಇತ್ತು, ಈಗ ಮೂರರಾಗ ಹೋತು."

ಸುವರ್ಣಾ ಮತ್ತೊಮ್ಮೆ ಬಲಗುಂಡಿ ಒತ್ತಿ ಒಳಗೆ ನೋಡಿದಳು. ಒಳಗೆ 'ಸೂಜಿಮಲ್ಲಿಗಿ' ಎಂದೇ ಇತ್ತು. ಮೇಲೆಯೂ ಅದೇ, ಎಲುಬೂ ಅದೇ. "ಇಲ್ಲಣ್ಣ. ಈಗ ಕೆಟ್ಟಿದ್ದು ನಮ್ಮ ಡಬ್ಬಿ ಅಷ್ಟ. ಪುಟ ಸುದ್ದ ಐತಿ," ಎಂದು ಪುಟವನ್ನು ಲೋಕಕ್ಕೆ ಬಿಟ್ಟಳು.

ನನ್ನನ್ನು ಕೆಟ್ಟವನೆಂದದ್ದಕ್ಕೆ ನನಗೆ ಬೇಸರವಾಗಲಿಲ್ಲ. ತನಗೆ ಕಾಣುವುದನ್ನು ಬಿಟ್ಟು, ಕಾಣದ ಊರಿನಲ್ಲಿ ಹೇಗೆ ಕಾಣುತ್ತದೆ ಎಂದು ನಂಬುವುದು ಸಣ್ಣ ಧೈರ್ಯವಲ್ಲ.

ಧಾರವಾಡಕ್ಕೆ ಫೋನು ಹಚ್ಚಿದರು. ಅಲ್ಲಿ ಜನ ಸೇರಿದ್ದ ಸದ್ದು ಕೇಳುತ್ತಿತ್ತು, ಚಹಾದ ಕಪ್ಪು-ಬಸಿಗಳ ಸದ್ದು. "ಇರ್ರಿ, ತೆರೀತೇನಿ," ಎಂದರು ಮೇಡಂ. ಲೈನು ಇದೆಯೇ ಎಂದು ಹುಚ್ಚೇಶ ಫೋನನ್ನು ಕಿವಿಗೆ ಹಚ್ಚಿ ನೋಡಿ, ಮತ್ತೆ ಮೇಜಿನ ಮೇಲಿಟ್ಟ. ಸಂಗಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ.

ಮೇಡಂ ಓದಿದರು. ದೊಡ್ಡ ದನಿಯಲ್ಲಿ, ತಮ್ಮ ಜನರಿಗೆ ಕೇಳುವ ಹಾಗೆ.

"ಆನಿಹೆಜ್ಜಿ. ಇದು ನಮ್ಮವ್ವ ಕಲಿಸಿದ್ದು. ಹೆಜ್ಜಿ ಇಡೂ ಮುಂದ ಕೈ ನಡಗಿದ್ರ ಆನಿ ಕುಂಟತೈತಿ ಅಂತಿದ್ಲು..."

ನಿಂಬೆಕ್ಕನ ಕಾಲುಗಳು ನಿಂತವು. ಅವಳ ಪಾದ ನೆಲದ ಮೇಲೆ ಅಲ್ಲಾಡದೆ ಇದ್ದದ್ದನ್ನು ನಾನು ಅಂದೇ ಮೊದಲು ಕಂಡದ್ದು. ತನ್ನ ಅವ್ವನ ಮಾತು ಧಾರವಾಡದಿಂದ, ಪರರ ಬಾಯಿಂದ, ಒಂದಕ್ಷರವೂ ತಪ್ಪದೆ ಹಿಂದಿರುಗಿ ಬರುತ್ತಿತ್ತು. ಆಚೆ ಯಾರೋ ಹುಡುಗಿ ನಕ್ಕು, "ಬೆನ್ನಮ್ಯಾಲ ತೋಟ ಅಂತ! ನನಗ ಅದ ಬೇಕು," ಎಂದಳು.

ಕತ್ತಲಾಗುವ ಮೊದಲೇ ತೀರ್ಮಾನ ಬಂತು. ಖಣಗಳು ಬೇಕು, ವರ್ಷವಿಡೀ ಬೇಕು, ಪ್ರತಿಯೊಂದಕ್ಕೂ ಆ ಹೆಸರು, ಆ ಮಾತು ಅಚ್ಚು ಹಾಕಿದ ಚೀಟಿ ಕಟ್ಟಿ ಮಾರುತ್ತೇವೆ ಎಂದರು. "ಹೆಸರು ತಿದ್ದಬ್ಯಾಡ್ರಿ ಮತ್ತ," ಎಂದು ಮೇಡಂ ಎರಡು ಸಲ ಹೇಳಿದರು. ಹುಚ್ಚೇಶ ಆ ಮಾತು ಕೇಳಿಸದವನಂತೆ ಧೂಳು ಒರೆಸತೊಡಗಿದ. ಸಂಗಪ್ಪ ಬಾಗಿಲಿಂದ ಹೊರಟವನು ತಿರುಗಿ, "ಓಣ್ಯಾಗ ನೀರ ನಿಂದ್ರತೈತಿ, ಆ ಗರಸ ಅಲ್ಲಿ ಹಾಕಸ್ತೀನಿ ಅತ್ತಿಗೆವ್ವಾ," ಎಂದ. ಭಾನುವಾರ ಬೆಳಿಗ್ಗೆ ಓಣಿ ಸಮವಾಯಿತು, ಕುಣಿ ಕುಣಿಯಾಗಿಯೇ ಉಳಿಯಿತು.

ಆಮೇಲೆ ಸುವರ್ಣಾ ಊರಿನ ಬೇರೆಯವರಿಗೂ ಪುಟ ಕಟ್ಟಿಕೊಟ್ಟಳು. ಒಬ್ಬ ಹಲ್ಲಿನ ಡಾಕ್ಟರಿಗೆ, ಒಂದು ಬ್ಯಾಂಡಿನ ಕಂಪನಿಗೆ, ಮದುವೆಯ ಅಡುಗೆಯವರಿಗೆ. ಕಟ್ಟುವುದು ನರಿಯಲ್ಲಿ, ವೇಗ ಅಳೆಯುವುದು ಚಂಡಿನಲ್ಲಿ, ನಿಧಾನದ ನೆಟ್ಟಿನವರಿಗೆ ಹೇಗೆ ಕಾಣುತ್ತದೆ ಎಂದು ಬಳೆಯಲ್ಲಿ, ಹಿರಿಯರಿಗೆ ಅನ್ಯಾಯವಾಗದಿರಲಿ ಎಂದು ಕೊನೆಗೊಮ್ಮೆ ಉಂಗುರದಲ್ಲಿ. ಅಷ್ಟಾದ ಮೇಲೂ ಹೊರಗಿನ ಯಾರಿಗಾದರೂ ಫೋನು ಮಾಡಿ, "ನಿಮಗ ಹೆಂಗ ಕಾಣತೈತ್ರಿ?" ಎಂದು ಕೇಳದೆ ಬಿಡುತ್ತಿರಲಿಲ್ಲ.

ಜನರ ಕೈಗೆ ಫೋನುಗಳು ಬಂದವು. ನೆಟ್ ಸೆಂಟರಿನ ಬೆಂಚು ಖಾಲಿಯಾಯಿತು. ಹುಚ್ಚೇಶ ಬೋರ್ಡು ಇಳಿಸಿ ಅಲ್ಲೇ ಫೋನು ರಿಪೇರಿಯ ಅಂಗಡಿ ಮಾಡಿದ. ನನ್ನನ್ನು ನಿಂಬೆಕ್ಕನ ಮನೆಗೆ ಕಳಿಸಿದ. ಸುವರ್ಣಾ ಅಲ್ಲಿ ಕೂತು ನನ್ನಿಂದ ಇನ್ನೂ ಕೆಲವು ವರ್ಷ ಕೆಲಸ ತೆಗೆದಳು. ಆಮೇಲೆ ನನ್ನ ಕಿಟಕಿಗಳು ಒಂದೊಂದಾಗಿ ಹೊಸ ರೂಪ ಪಡೆಯುವುದನ್ನು ನಿಲ್ಲಿಸಿದವು. ಈ ಹಳೆಯ ಯಂತ್ರಕ್ಕೆ ಇನ್ನು ಮುಂದೆ ಬರಲಾರೆವು ಎಂದು ಮರ್ಯಾದೆಯಿಂದಲೇ ತಿಳಿಸಿದವು. ನರಿ ಎಲ್ಲರಿಗಿಂತ ಹೆಚ್ಚು ದಿನ ಜೊತೆಗಿತ್ತು. ಒಂದು ಬೆಳಿಗ್ಗೆ ಗುಂಡಿ ಒತ್ತಿದರೂ ನನ್ನ ಫ್ಯಾನು ತಿರುಗಲಿಲ್ಲ.

ನನ್ನನ್ನು ಗುಜರಿಗೆ ಹಾಕಲಿಲ್ಲ. ಮಗ್ಗದ ಕೋಣೆಯಲ್ಲಿ, ಕುಣಿಯ ಅಂಚಿಗೆ ಇಟ್ಟಿದ್ದಾರೆ. ನನ್ನ ತಲೆಯ ಮೇಲೆ ನೂಲಿನ ಲಡಿಗಳಿವೆ. ಇಲ್ಲಿಂದ ನನಗೆ ನಿಂಬೆಕ್ಕನ ಕಾಲುಗಳು ಅವುಗಳ ನಿಜವಾದ ಕೆಲಸದಲ್ಲಿ ಕಾಣುತ್ತವೆ. ನಾಲ್ಕು ಕಿಟಕಿಗಳೂ ಮುಚ್ಚಿದ ಮೇಲೆ ಉಳಿದ ನೋಟ ಇದೊಂದೇ. ಸಾಕು.

ಮೊನ್ನೆ ದೂರದ ಊರಿನ ಒಬ್ಬ ಹುಡುಗಿ ಖಣ ಹುಡುಕಿಕೊಂಡು ಬಂದಳು. ಮದುವೆ ಗೊತ್ತಾಗಿದೆಯಂತೆ. ಕೈಯಲ್ಲಿ ಫೋನು ಹಿಡಿದು, "ಸೂಜಿಮಲ್ಲಿಗಿ ಇದೆಯಾ?" ಎಂದು ಕೇಳಿದಳು. ಅವಳ ಊರಿನ ಮಾತು ಬೇರೆ, ಆದರೆ ಹೆಸರನ್ನು ಇಲ್ಲಿಯವರಂತೆಯೇ ಅಂದಳು. ಪರದೆಯಲ್ಲಿ ಅದೇ ಪುಟ, ಒತ್ತಕ್ಷರ ಕಾಲಡಿಯಲ್ಲಿ ನೆಟ್ಟಗೆ ಕೂತಿತ್ತು. ಒಂದು ಕಾಲಕ್ಕೆ ಆ ಹೆಸರನ್ನು ಓದಲು ನಾನೇ ಬೇಕಾಗಿತ್ತು. ಈಗ ಲೋಕದಲ್ಲಿ ನನ್ನೊಬ್ಬನಲ್ಲಿ ಬಿಟ್ಟು ಎಲ್ಲ ಕಡೆಯೂ ಓದಲು ಬರುತ್ತದೆ.

ಸುವರ್ಣಾ ಫೋನಿನ ಕಡೆ ಬಗ್ಗಿದಳು. "ಯಾವದರಾಗ ತೆರದೀಯವ್ವಾ ಇದನ್ನ?"

"ಯಾವುದರಲ್ಲಿ ಅಂದ್ರೆ?" ಹುಡುಗಿಗೆ ಪ್ರಶ್ನೆ ತಿಳಿಯಲಿಲ್ಲ. "ಗೊತ್ತಿಲ್ಲಕ್ಕ. ಒತ್ತಿದೆ, ಬಂತು."

ಇಷ್ಟು ವರ್ಷ ಕಿಟಕಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಾಳಿದ ನನಗೆ, ಒಂದು ಕಿಟಕಿಯ ಬಗ್ಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಕೇಳಿ ಗೊತ್ತಿಲ್ಲ.